ಮೊದಲ ಸಾಲಿನ ಹೆಸರು

ಮಾರ್ಚ್ ಎರಡನೇ ಶನಿವಾರ, ಬೆಳಗ್ಗೆ ಹತ್ತಕ್ಕೆ.
ತರಬೇಕಾದ್ದು: ಗಟ್ಟಿ ಬೂಟು, ಕೈಗವಸು, ಸ್ವಂತ ಲೋಟ.
ಹಾಳೆ ಬರೆದು ಗೇಟಿನ ಪಕ್ಕ
ತಗಡಿನ ಸೂರಿನಡಿಯ ಹಲಗೆಗೆ ಚುಚ್ಚಿದೆ,
ಪೆನ್ಸಿಲಿಗೆ ದಾರ ಕಟ್ಟಿದೆ.

ಒಂದು ವಾರ.
ದಾರ ನೆನೆಯಿತು, ಪೆನ್ಸಿಲು ಉಬ್ಬಿತು,
ಹಾಳೆ ಮಾತ್ರ ಅಂಗಡಿಯಿಂದ ತಂದ ಹಾಗೇ ಇತ್ತು.

ಓಲ್ಡಮ್ಮಿನ ಈ ಇಳಿಜಾರಿನಲ್ಲಿ ನಲವತ್ತೊಂದು ತುಂಡು ನೆಲ,
ನಲವತ್ತೊಂದು ಬೀಗದ ಕೈ, ನಲವತ್ತೊಂದು ಬೆನ್ನುನೋವು.
ತನ್ನ ತುಂಡಿನಲ್ಲಿ ಮೊಣಕಾಲೂರಿ
ಒಂದೊಂದೇ ಗರಿಕೆ ಕೀಳುವವರು
ಎಲ್ಲರ ದಾರಿಯ ಹುಲ್ಲನ್ನು ಕಾಲೆತ್ತಿ ದಾಟುತ್ತಾರೆ,
ಮಲಗಿದ ನಾಯಿಯನ್ನು ದಾಟಿದ ಹಾಗೆ.

ಮೂವತ್ತು ವರ್ಷ ಬಸ್ ಡಿಪೋದಲ್ಲಿ
ಪಾಳಿ ಪಟ್ಟಿ ಬರೆದವಳು ನಾನು, ಎನಿಡ್ ಆರ್ಮರಾಡ್.
ಅಲ್ಲಿ ಸಂಬಳವಿತ್ತು, ಬೈಗುಳವಿತ್ತು.
ಇಲ್ಲಿರುವುದು ಚಹಾ ಮತ್ತು ಶುಂಠಿ ಬಿಸ್ಕತ್ತು.
ಆದರೂ ಒಂದು ಗೊತ್ತು: ಖಾಲಿ ಹಾಳೆಯಲ್ಲಿ
ಮೊದಲನೆಯವರಾಗುವ ಧೈರ್ಯ ಯಾರಿಗೂ ಇಲ್ಲ,
ಎರಡನೆಯವರಾಗಲು ಎಲ್ಲರೂ ತಯಾರು.

ಹಾಗಾಗಿ ಯಾರೂ ಇಲ್ಲದ ಮುಸ್ಸಂಜೆ
ಎಡಗೈಯಲ್ಲಿ ಸೊಟ್ಟಗೆ ಬರೆದೆ:
ಆರ್. ಥ್ರೆಲ್‌ಫಾಲ್.
ಅಂಥವನೊಬ್ಬ ಇಲ್ಲ. ಆರ್ ಎಂದರೆ
ಏನೆಂದು ನನಗೂ ಗೊತ್ತಿಲ್ಲ.

ಮೂರು ದಿನದೊಳಗೆ ಅವನ ಕೆಳಗೆ
ಶಹನಾರಾ, ಜೊತೆಗೆ ಇಬ್ಬರು ಮಕ್ಕಳು.
ಕೆಲ್ವಿನ್ ಹಾರ್ಗ್ರೀವ್ಸ್, ‘ಮಂಡಿ ಒಪ್ಪಿದರೆ’.
ಯಾರೆಕ್, ಹೆಸರಿನ ಬದಿಗೆ ಗರಗಸದ ಚಿತ್ರ.
ಡಿಲಿಸ್, ‘ಹನ್ನೊಂದರ ಮೇಲೆ’.

ಬಂದವರು ಹದಿನಾಲ್ಕು.
ಚರಂಡಿಯಿಂದ ಕೆಸರು, ಬಾಟಲಿ,
ಯಾವುದೋ ಮಗುವಿನ ಒಂಟಿ ಬೂಟು ತೆಗೆದೆವು.
ಕೌನ್ಸಿಲಿನ ಲಾರಿ ಮರದ ಚಕ್ಕೆಯನ್ನು
ಗೇಟಿಗೆ ಅಡ್ಡವಾಗಿಯೇ ಸುರಿದು ಹೋಗಿತ್ತು.
ಶಹನಾರಾ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ
ಕೈಯಿಂದ ಕೈಗೆ ಬಕೆಟ್ಟು ದಾಟಿಸಿದಳು
ಬೆಟ್ಟ ಕರಗುವ ತನಕ.

‘ಥ್ರೆಲ್‌ಫಾಲ್ ಎಲ್ಲಿ?’ ಎಂದ ಕೆಲ್ವಿನ್,
ಬಾಯಿ ತುಂಬ ಬಿಸ್ಕತ್ತು.
ನನ್ನ ಕಿವಿ ಬಿಸಿಯಾಯಿತು.
‘ಈಗಷ್ಟೇ ಹೋದ,’ ಎಂದಳು
ಹನ್ನೆರಡೂವರೆಗೆ ಬಂದ ಡಿಲಿಸ್.
‘ಮೇಲಿನ ತೊಟ್ಟಿಯ ಸೋರಿಕೆ ಅವನೇ ನಿಲ್ಲಿಸಿದ್ದು.’

ಅಲ್ಲಿಂದ ಶುರು.
ಏಪ್ರಿಲಿನಲ್ಲಿ ಯಾರೋ ಅವನಿಗೆ ಮೀಸೆ ಕೊಟ್ಟರು,
ಮೇ ತಿಂಗಳಲ್ಲಿ ಒಬ್ಬ ಸತ್ತ ಹೆಂಡತಿಯನ್ನು.
ಗೊಬ್ಬರದ ಗುಡ್ಡೆ ಮಗುಚಿದ್ದು ಅವನು,
ಸನಿಕೆಗೆ ಹೊಸ ಕಾವು ಹಾಕಿದ್ದು ಅವನು,
ಸುಡಬಾರದೆಂದ ಹಾಸಿಗೆ ಸುಟ್ಟದ್ದೂ ಅವನೇ ಅಂತೆ.
‘ಕಳೆದ ಸಲ ಅವನು ಬಂದಿದ್ದ,’ ಎನ್ನುತ್ತಾರೆ,
‘ಈ ಸಲ ನಾವು ಹೋಗದಿದ್ದರೆ ಮುಯ್ಯಿ ಉಳಿಯುತ್ತದೆ.’

ಜುಲೈನಲ್ಲಿ ಯಾರೆಕ್ ಕೆರಳಿದ:
‘ಆ ಮುದುಕ ನನ್ನ ಗರಗಸ ಒಯ್ದು ತಿಂಗಳಾಯಿತು!’
ನಾನೇನು ಹೇಳಲಿ?
ಹೊಸ ಗರಗಸ ಕೊಂಡೆ,
ಎರಡು ರಾತ್ರಿ ಇಬ್ಬನಿಗಿಟ್ಟು ತುಕ್ಕು ಹಿಡಿಸಿದೆ,
ಅವನ ಶೆಡ್ಡಿಗೆ ಒರಗಿಸಿ ಬಂದೆ.

ಸಮಿತಿಯ ಸಭೆಯಲ್ಲಿ ಹೇಳಿಬಿಡೋಣವೆಂದು
ಗಂಟಲು ಸರಿಮಾಡಿ ಎದ್ದು ನಿಂತೆ.
ಓದುತ್ತಿದ್ದರು, ಆರನೇ ವಿಷಯ:
ಥ್ರೆಲ್‌ಫಾಲ್‌ಗೆ ಒಂದು ಲೋಟ ಕೊಳ್ಳುವುದು.
ಕೂತುಬಿಟ್ಟೆ.
ಪರವಾಗಿ ಕೈ ಎತ್ತಿದ್ದೂ ಆಯಿತು.

ಅಕ್ಟೋಬರಿನಲ್ಲಿ ಸೊಂಟ ಹಿಡಿದು ಮಲಗಿದೆ.
ಎದ್ದು, ಕೋಲೂರಿ, ಹೊಸ ಹಾಳೆ ಮಡಚಿಕೊಂಡು
ಹಲಗೆಯ ಹತ್ತಿರ ಹೋದರೆ
ಹಾಳೆ ಆಗಲೇ ಇತ್ತು. ತಾರೀಕು, ಬೂಟು, ಕೈಗವಸು,
ಎಲ್ಲ ಇನ್ಯಾರದೋ ಅಕ್ಷರದಲ್ಲಿ.
ಮೊದಲ ಸಾಲಿನಲ್ಲಿ ಆರ್. ಥ್ರೆಲ್‌ಫಾಲ್,
ನನ್ನದಕ್ಕಿಂತ ಸೊಟ್ಟಗೆ,
ಇನ್ಯಾರದೋ ಎಡಗೈ.

ಪೆನ್ಸಿಲಿನ ಮೊನೆ ಯಾರೋ ಹೆರೆದಿಟ್ಟಿದ್ದರು.
ಎರಡನೇ ಸಾಲಿನಲ್ಲಿ ಬರೆದೆ
ನನ್ನ ಹೆಸರು, ಬಲಗೈಯಲ್ಲಿ, ಪೂರ್ತಿ.

ಆಮೇಲೆ ನಿಧಾನಕ್ಕೆ ಮೇಲೆ ಹತ್ತಿ
ತೊಟ್ಟಿ ನೋಡಿ ಬಂದೆ.
ಸೋರುತ್ತಲೇ ಇದೆ.